ಅಂಗಾಂಗ, ಅಂಗಾಂಶ ಮತ್ತು ಕಾಯ್ದೆಯೊಳಗಿನ ‘ಆದರೆ’ಗಳು

ಅಂಗಾಂಗ, ಅಂಗಾಂಶ. ಬೇಗ ಬೇಗ ಓದಿದರೆ ಎರಡೂ ಒಂದೇ ಪದ ಅನ್ನಿಸುತ್ತದೆ, ಬೇರೆ ಇರೋದು ಕೊನೆಯ ಒಂದಕ್ಷರ ಮಾತ್ರ. ಅಂಗಾಂಗ ಅಂದರೆ ಕಿಡ್ನಿ, ಲಿವರ್, ಹೃದಯ, ಶ್ವಾಸಕೋಶದಂಥ ಇಡೀ ಅವಯವ. ಅಂಗಾಂಶ ಅಂದರೆ ಟಿಶ್ಯೂ: ಕಣ್ಣಿನ ಕಾರ್ನಿಯಾ, ಚರ್ಮ, ಮೂಳೆ, ಹೃದಯದ ಕವಾಟ, ರಕ್ತನಾಳ ಇತ್ಯಾದಿ. ಕಾನೂನಿನಲ್ಲಿ ಈ ಒಂದಕ್ಷರಕ್ಕೆ ಭಾರೀ ತೂಕವಿದೆ. ಅಧಿಕಾರವಿಲ್ಲದೆ ಅಂಗಾಂಗ ತೆಗೆದವರಿಗೆ 10 ವರ್ಷದವರೆಗೆ ಜೈಲು, 20 ಲಕ್ಷ ರೂಪಾಯಿವರೆಗೆ ದಂಡ. ಅಂಗಾಂಶ ತೆಗೆದವರಿಗೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಈ ಸಂಚಿಕೆಯಲ್ಲಿ ಕಥೆ ಕವನದ ಮಧ್ಯೆ ಕಾನೂನಿನ ಪಾಠ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಬಹಳ ಜನ 18 ದಾಟಿದವರು, ಬಹಳ ಜನ ಬೈಕ್ ಓಡಿಸುವವರು. ಡಿಎಲ್ ಅರ್ಜಿ ತುಂಬುವಾಗ ಅಂಗದಾನಕ್ಕೆ ಒಪ್ಪಿಗೆ ಇದೆಯಾ ಅನ್ನುವ ಪ್ರಶ್ನೆಗೆ ಒಂದು ಟಿಕ್ ಹಾಕಿ ಮರೆತವರು ಇದ್ದಾರೆ. ಕ್ಯಾಂಪಸ್ಸಿನ ರಕ್ತದಾನ ಶಿಬಿರದಲ್ಲಿ ಪಕ್ಕದ ಟೇಬಲ್ಲಿಗೆ ಹೋಗಿ ‘ಪ್ರತಿಜ್ಞೆ ಕಾರ್ಡ್’ಗೆ ಸಹಿ ಹಾಕಿದವರೂ ಇದ್ದಾರೆ. ಆ ಸಹಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಅನ್ನೋದು ಕಾಯ್ದೆಯೊಳಗೆ ಇಳಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಕಾಯ್ದೆಯ ಪೂರ್ತಿ ಹೆಸರು ಮಾನವ ಅಂಗಾಂಗ ಮತ್ತು ಅಂಗಾಂಶ ಕಸಿ ಕಾಯ್ದೆ, 1994. ಮೊದಲು ಹೆಸರಿನಲ್ಲಿ ‘ಅಂಗಾಂಶ’ ಇರಲಿಲ್ಲ. 2011ರ ತಿದ್ದುಪಡಿ ಅದನ್ನು ಸೇರಿಸಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಸಂಸತ್ತು ಮಾಡಿದ ಈ ಕಾಯ್ದೆಯನ್ನು ಒಂದೊಂದೇ ರಾಜ್ಯ ಒಪ್ಪಿಕೊಳ್ಳುತ್ತಾ ಬಂತು, ಕರ್ನಾಟಕವೂ ಒಪ್ಪಿಕೊಂಡಿದೆ. ಇಲ್ಲಿ ಮೃತರ ಅಂಗಾಂಗಗಳನ್ನು ಯಾರಿಗೆ ಕೊಡಬೇಕು ಅನ್ನುವ ಸರದಿಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಜೀವಸಾರ್ಥಕತೆ.

ಕಾಯ್ದೆಯ ಮೂಲ ನಿಯಮವನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಚಿಕಿತ್ಸೆಗಲ್ಲದೆ ಬೇರೆ ಯಾವುದಕ್ಕೂ ತೆಗೆಯಬಾರದು, ಒಪ್ಪಿಗೆ ಇಲ್ಲದೆ ತೆಗೆಯಬಾರದು, ನೋಂದಾಯಿತ ಆಸ್ಪತ್ರೆಯ ಹೊರಗೆ ತೆಗೆಯಬಾರದು, ದುಡ್ಡಿಗಂತೂ ಇಲ್ಲವೇ ಇಲ್ಲ. ಕೋಡ್ ಬರೆಯುವ ನಮಗೆ ‘ಎಕ್ಸೆಪ್ಷನ್’ ಅಂದರೆ ಪ್ರೋಗ್ರಾಂ ಕೈಕೊಟ್ಟ ಜಾಗ. ಇಲ್ಲಿ ಉಲ್ಟಾ. ಮೂಲ ನಿಯಮ ‘ಬೇಡ’ ಅನ್ನುತ್ತದೆ, ಆಮೇಲೆ ಬರುವ ‘ಆದರೆ’ಗಳಲ್ಲೇ ಜನರ ಜೀವ ಉಳಿಯುತ್ತದೆ. ಹಾಗಾಗಿ ಈ ಕಾಯ್ದೆ ಓದುವುದು ಅಂದರೆ ಅದರ ವಿನಾಯಿತಿಗಳನ್ನು ಓದುವುದು.

ರಕ್ತ, ಕಣ್ಣು, ಕಿವಿ

ಮೊದಲ ವಿನಾಯಿತಿ ವ್ಯಾಖ್ಯೆಯಲ್ಲೇ ಕೂತಿದೆ. ದೇಹದಲ್ಲಿ ನಿರ್ದಿಷ್ಟ ಕೆಲಸ ಮಾಡುವ ಜೀವಕೋಶಗಳ ಗುಂಪೇ ಅಂಗಾಂಶ, ‘ರಕ್ತವನ್ನು ಬಿಟ್ಟು’. ಜೀವಶಾಸ್ತ್ರದ ಪುಸ್ತಕದಲ್ಲಿ ರಕ್ತವೂ ಒಂದು ಅಂಗಾಂಶವೇ, ಪಿಯುಸಿಯಲ್ಲಿ ನಾವೆಲ್ಲ ಹಾಗೇ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಕಾನೂನು ಅದನ್ನು ಬೇಕಂತಲೇ ಹೊರಗಿಟ್ಟಿತು. ರಕ್ತ ಮತ್ತೆ ತಾನಾಗಿ ತುಂಬಿಕೊಳ್ಳುತ್ತದೆ, ಅದರ ಬ್ಯಾಂಕುಗಳಿಗೆ ಔಷಧ ಕಾಯ್ದೆಯಡಿ ಬೇರೆಯೇ ಲೈಸೆನ್ಸ್ ವ್ಯವಸ್ಥೆ ಇದೆ. ಈ ಒಂದು ವಿನಾಯಿತಿ ಇಲ್ಲದೇ ಹೋಗಿದ್ದರೆ, ಶಿಬಿರದಲ್ಲಿ ಗೊತ್ತುಗುರಿಯಿಲ್ಲದ ಯಾರಿಗೋ ಒಂದು ಬಾಟಲಿ ರಕ್ತ ಕೊಡೋದಕ್ಕೂ ಕಿಡ್ನಿಗೆ ಬೇಕಾದಷ್ಟೇ ಕಾಗದಪತ್ರ ಬೇಕಾಗುತ್ತಿತ್ತು. ಹಾಗಂತ ರಕ್ತವನ್ನು ಮಾರಬಹುದು ಅಂತಲ್ಲ. ದುಡ್ಡಿಗೆ ರಕ್ತ ಕೊಡುವವರ ಪದ್ಧತಿಯನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು.

ಎರಡನೆಯದು ನಮಗೆ ತುಂಬಾ ಇಷ್ಟವಾದದ್ದು. ಕಾಯ್ದೆಯ 10ನೇ ಕಲಂ ನೋಂದಾಯಿತ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಅಂಗಾಂಗ ತೆಗೆಯುವಂತಿಲ್ಲ ಅನ್ನುತ್ತದೆ. ಅದೇ ಕಲಂನ ಎರಡನೇ ಉಪಕಲಂ ಹೇಳುತ್ತದೆ: ಮೃತದೇಹದಿಂದ ಕಣ್ಣು ಅಥವಾ ಕಿವಿಯನ್ನು ನೋಂದಾಯಿತ ವೈದ್ಯರು ‘ಯಾವ ಸ್ಥಳದಲ್ಲಾದರೂ’ ತೆಗೆಯಬಹುದು. ಕಿವಿ ಅಂದರೆ ಕಿವಿಯ ತಮಟೆ, ಒಳಗಿನ ಪುಟ್ಟ ಮೂಳೆಗಳೂ ಸೇರಿ. ಯಾವ ಸ್ಥಳದಲ್ಲಾದರೂ ಅಂದರೆ ಊರ ಮನೆಯ ನಡುಮನೆಯಲ್ಲೂ ಸರಿ. 2011ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅರ್ಹತೆ ಇರುವ ತಂತ್ರಜ್ಞರೂ ಕಾರ್ನಿಯಾ ತೆಗೆಯಬಹುದು ಅಂದಿತು. ಡಾಕ್ಟರು ಅಲ್ಲದವರಿಗೆ ಈ ಕಾಯ್ದೆ ಇಂಥ ಕೆಲಸ ಒಪ್ಪಿಸಿರುವುದು ಇಲ್ಲೊಂದೇ ಕಡೆ.

ಈ ಸಡಿಲಿಕೆಯ ಕಾರಣವನ್ನು ಕಾಯ್ದೆ ಹೇಳುವುದಿಲ್ಲ, ದೇಹ ಹೇಳುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಹೃದಯ ನಿಂತ ಮೇಲೂ ಕೆಲವು ಗಂಟೆ ಅದು ಬಳಕೆಗೆ ಬರುತ್ತದೆ. ಸಾಮಾನ್ಯವಾಗಿ 6 ಗಂಟೆಯೊಳಗೆ ತೆಗೆಯಬೇಕು ಅಂತ ನೇತ್ರ ಬ್ಯಾಂಕಿನವರು ಹೇಳುತ್ತಾರೆ. ಹಳ್ಳಿಯಿಂದ ದೇಹವನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಬೇಕು ಅನ್ನುವ ಷರತ್ತು ಇದ್ದಿದ್ದರೆ ಆ 6 ಗಂಟೆ ದಾರಿಯಲ್ಲೇ ಮುಗಿದು ಹೋಗುತ್ತಿತ್ತು. ಮನೆಯಲ್ಲಿ ಸಾವಾದರೆ ಮಾಡಬೇಕಾದ್ದು ಇಷ್ಟೇ: ನೇತ್ರ ಬ್ಯಾಂಕಿಗೆ ಫೋನ್ ಮಾಡುವುದು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡುವುದು, ತಲೆಯ ಕೆಳಗೆ ದಿಂಬು ಕೊಡುವುದು, ಫ್ಯಾನ್ ಆಫ್ ಮಾಡುವುದು. ಫ್ಯಾನಿನ ಗಾಳಿಗೆ ಕಾರ್ನಿಯಾ ಒಣಗುತ್ತದೆ.

ಕನ್ನಡಿಗರಿಗೆ ಈ ದಾನದ ಪರಿಚಯ ಮಾಡಿಸಿದ್ದು ಯಾವ ಕಾಯ್ದೆಯೂ ಅಲ್ಲ, ಒಂದು ಮನೆತನ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ದಾನವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರದ್ದೂ ಆಯಿತು. ಪುನೀತ್ ವಿಷಯದಲ್ಲಿ ಎಂಜಿನಿಯರಿಂಗ್ ಓದುವವರು ಗಮನಿಸಬೇಕಾದ ಒಂದು ಸಂಗತಿ ಇದೆ. ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದವರು ಮುಂದಿನ ಪದರ, ಹಿಂದಿನ ಪದರ ಅಂತ ಬೇರ್ಪಡಿಸಿ, ಎರಡು ಕಣ್ಣುಗಳನ್ನು ನಾಲ್ಕು ಜನರಿಗೆ ಕಸಿ ಮಾಡಿದರು. ಅರ್ಧ ಮಿಲಿಮೀಟರನ್ನು ಎರಡು ಮಾಡುವುದು ಅಂದರೆ ನಮ್ಮ ವರ್ಕ್‌ಶಾಪ್ ಲ್ಯಾಬಿನ ಟಾಲರೆನ್ಸ್ ನೆನಪಿಸಿಕೊಂಡು ನೋಡಿ.

ಸೋದರಮಾವ ‘ಹತ್ತಿರದ ಬಂಧು’ ಅಲ್ಲ

ಬದುಕಿರುವವರ ಅಂಗಾಂಗ ತೆಗೆಯುವ ವಿಷಯಕ್ಕೆ ಬಂದರೆ ಕಾಯ್ದೆ ಬಿಗಿಯಾಗುತ್ತದೆ. 9ನೇ ಕಲಂ ಪ್ರಕಾರ ಕೊಡುವವರು ಪಡೆಯುವವರ ‘ಹತ್ತಿರದ ಬಂಧು’ ಆಗಿರಬೇಕು. ಪಟ್ಟಿ ಚಿಕ್ಕದು: ಗಂಡ ಅಥವಾ ಹೆಂಡತಿ, ಮಗ, ಮಗಳು, ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು, 2011ರ ನಂತರ ಅಜ್ಜ, ಅಜ್ಜಿ, ಮೊಮ್ಮಕ್ಕಳು. ಅಷ್ಟೇ. ನಮ್ಮ ಕಡೆ ಚಿಕ್ಕಪ್ಪನ ಮಗನನ್ನೂ ಅಣ್ಣ ಅಂತಲೇ ಕರೆಯುತ್ತೇವೆ, ಸೋದರಮಾವನಿಲ್ಲದೆ ಮನೆಯಲ್ಲಿ ಒಂದು ಶುಭಕಾರ್ಯ ನಡೆಯುವುದಿಲ್ಲ. ಕಾಯ್ದೆಗೆ ಇವರಿಬ್ಬರೂ ಹೊರಗಿನವರು.

ಹೊರಗಿನವರು ಕೊಡುವುದಕ್ಕೂ ಒಂದು ಬಾಗಿಲಿದೆ. ಪಡೆಯುವವರ ಮೇಲಿನ ‘ಪ್ರೀತಿ ಅಥವಾ ಬಾಂಧವ್ಯದಿಂದ, ಇಲ್ಲವೇ ಬೇರೆ ವಿಶೇಷ ಕಾರಣದಿಂದ’ ಕೊಡಲು ಮುಂದೆ ಬಂದವರಿಗೆ ಅಧಿಕೃತ ಸಮಿತಿಯ ಪೂರ್ವಾನುಮತಿ ಸಿಗಬಹುದು. ಈ ಕಾಯ್ದೆ ಬರುವ ಮೊದಲು ದೇಶದಲ್ಲಿ ಕಿಡ್ನಿ ವ್ಯಾಪಾರ ರಾಜಾರೋಷವಾಗಿ ನಡೆಯುತ್ತಿತ್ತು. ಕಾಯ್ದೆ ಬಂದ ಮೇಲೆ ವ್ಯಾಪಾರ ನಿಲ್ಲಲಿಲ್ಲ, ‘ಪ್ರೀತಿ’ಯ ವೇಷ ಹಾಕಿಕೊಂಡು ಇದೇ ಬಾಗಿಲಿನಿಂದ ಒಳಗೆ ಬಂತು. ಸಾಲದಲ್ಲಿ ಮುಳುಗಿದ ಕೂಲಿಯವನಿಗೆ ಪರಿಚಯವೇ ಇಲ್ಲದ ಶ್ರೀಮಂತರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದಂತೆ ಅಫಿಡವಿಟ್‌ಗಳು ತಯಾರಾದವು.

2014ರ ನಿಯಮಗಳು ಆ ಅನುಭವದಿಂದ ಬಂದವು ಅನ್ನೋದು ಓದಿದಾಗಲೇ ಗೊತ್ತಾಗುತ್ತದೆ. ಇಬ್ಬರಿಗೂ ಏನು ಸಂಬಂಧ, ಯಾಕೆ ಕೊಡುತ್ತಿದ್ದಾರೆ, ಮಧ್ಯವರ್ತಿ ಯಾರಾದರೂ ಇದ್ದಾರಾ ಅಂತ ಸಮಿತಿ ಕೇಳಬೇಕು. ಇಬ್ಬರೂ ಒಟ್ಟಿಗೆ ಇರುವ ಹಳೆಯ ಫೋಟೋ ನೋಡಬೇಕು. ಇಬ್ಬರ ಹಿಂದಿನ ಮೂರು ಹಣಕಾಸು ವರ್ಷಗಳ ಆದಾಯದ ದಾಖಲೆ ಇಟ್ಟುಕೊಂಡು, ಒಬ್ಬರು ತೀರಾ ಬಡವರು ಇನ್ನೊಬ್ಬರು ತೀರಾ ಶ್ರೀಮಂತರು ಅಂತಿದ್ದರೆ ಅದರ ಹಿಂದೆ ದುಡ್ಡಿನ ವ್ಯವಹಾರ ಇದೆಯೇ ಅಂತ ಯೋಚಿಸಬೇಕು. ಕೊಡುವವರ ಮನೆಯವರನ್ನೂ ಮಾತಾಡಿಸಬೇಕು. ಹಳೆಯ ಫೋಟೋ ಕೇಳುವುದು ಬಾಲಿಶ ಅಂತ ಮೊದಲು ನಮಗೆ ಅನ್ನಿಸಿತ್ತು. ಆದರೆ ಸ್ನೇಹಕ್ಕೆ ಮಾರ್ಕ್ಸ್ ಕಾರ್ಡ್ ಇಲ್ಲ. ಇರೋದು ಇಂಥ ಪುರಾವೆಗಳೇ.

ಇದೇ ನಿಯಮಗಳಲ್ಲಿ ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ಇದೆ. ಕೊಡುವವರು ಹೆಣ್ಣುಮಗಳಾದರೆ ಅವರ ಗುರುತು ಮತ್ತು ಸ್ವಂತ ಒಪ್ಪಿಗೆಯನ್ನು ಪಡೆಯುವವರಲ್ಲದ ಬೇರೊಬ್ಬರು ದೃಢಪಡಿಸಬೇಕು. ಬದುಕಿರುವಾಗ ಕೊಡುವವರಲ್ಲಿ ನಮ್ಮ ದೇಶದಲ್ಲಿ ಹೆಂಗಸರೇ ಹೆಚ್ಚು. ಗಂಡನಿಗೆ ಹೆಂಡತಿ, ಮಗನಿಗೆ ಅಮ್ಮ. ಅವರೆಲ್ಲ ‘ಹತ್ತಿರದ ಬಂಧು’ಗಳೇ, ಸಮಿತಿಯ ಉದ್ದ ಪರೀಕ್ಷೆ ಬೇಕಿಲ್ಲ. ಆದರೆ ಮನೆಯೊಳಗಿನ ಒತ್ತಾಯಕ್ಕೆ ಫೋಟೋ ಪುರಾವೆ ಇರುವುದಿಲ್ಲ ಅನ್ನುವುದು ನಿಯಮ ಬರೆದವರಿಗೆ ಗೊತ್ತಿತ್ತು. ನಮ್ಮ ಮಟ್ಟಿಗೆ ಈ ರಕ್ಷಣೆ ಸಾಕಷ್ಟು ಬಲವಾಗಿಲ್ಲ. ಒಂದು ಕೋಣೆಯಲ್ಲಿ ಕೂರಿಸಿ ಐದು ನಿಮಿಷ ಕೇಳಿದರೆ ಯಾವ ಸೊಸೆ ತಾನೇ ‘ನನಗೆ ಇಷ್ಟವಿಲ್ಲ’ ಅಂದಾಳು?

ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ತಮ್ಮ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರಿಂದ ಅವಕಾಶವಿದೆ. ಇದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಬುದ್ಧಿಮಾಂದ್ಯರಿಂದ ಬದುಕಿರುವಾಗ ಏನನ್ನೂ ತೆಗೆಯುವಂತಿಲ್ಲ, ಅಲ್ಲಿ ‘ಆದರೆ’ಯೇ ಇಲ್ಲ. 18 ತುಂಬದವರಿಗೂ ಹೆಚ್ಚುಕಮ್ಮಿ ಹಾಗೆಯೇ. ಅಪರೂಪದ ವೈದ್ಯಕೀಯ ಕಾರಣವಿದ್ದು, ಅದನ್ನು ವಿವರವಾಗಿ ಬರೆದಿಟ್ಟು, ಸಂಬಂಧಪಟ್ಟ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರ ಎರಡೂ ಮೊದಲೇ ಒಪ್ಪಿದರೆ ಮಾತ್ರ.

ದುಡ್ಡಿನ ವಿಷಯದಲ್ಲಿ ಒಂದು ಸಣ್ಣ ಸೂಕ್ಷ್ಮ. ಅಂಗಾಂಗ ಮಾರುವುದಕ್ಕೆ, ಕೊಳ್ಳುವುದಕ್ಕೆ, ಜಾಹೀರಾತು ಕೊಡುವುದಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಆದರೆ ‘ಹಣ ಸಂದಾಯ’ ಅನ್ನುವುದರ ವ್ಯಾಖ್ಯೆಯಿಂದ ಎರಡು ಖರ್ಚುಗಳನ್ನು ಹೊರಗಿಟ್ಟಿದ್ದಾರೆ: ತೆಗೆಯುವ, ಸಾಗಿಸುವ, ಕೆಡದಂತೆ ಇಡುವ ಖರ್ಚು ಒಂದು, ಕೊಟ್ಟಿದ್ದರಿಂದ ನೇರವಾಗಿ ಆದ ಖರ್ಚು ಮತ್ತು ಕೈತಪ್ಪಿದ ಸಂಬಳ ಇನ್ನೊಂದು. ತಮ್ಮನಿಗೆ ಕಿಡ್ನಿ ಕೊಟ್ಟು ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗದ ಅಕ್ಕನಿಗೆ ಆ ಕೂಲಿ ತುಂಬಿಕೊಟ್ಟರೆ ಅದು ವ್ಯಾಪಾರವಲ್ಲ.

ಕಾಗದದ ಮೇಲಿನ ವಿನಾಯಿತಿ, ಮತ್ತು ನಮ್ಮ ಲ್ಯಾಬಿನದು

5ನೇ ಕಲಂ ಓದಿ ನಮಗೆ ಸ್ವಲ್ಪ ಕಸಿವಿಸಿಯಾಯಿತು. ಆಸ್ಪತ್ರೆ ಅಥವಾ ಜೈಲಿನಲ್ಲಿ ಸತ್ತವರ ದೇಹವನ್ನು 48 ಗಂಟೆಯೊಳಗೆ ಹತ್ತಿರದ ಬಂಧುಗಳು ಯಾರೂ ಕೇಳಿಕೊಂಡು ಬರದಿದ್ದರೆ, ಆ ಆಸ್ಪತ್ರೆ ಅಥವಾ ಜೈಲಿನ ಆಡಳಿತದ ಹೊಣೆ ಹೊತ್ತವರೇ ಅಂಗಾಂಗ ತೆಗೆಯಲು ಒಪ್ಪಿಗೆ ಕೊಡಬಹುದು. ಬಂಧುಗಳು ತಡವಾಗಿಯಾದರೂ ಬರಬಹುದು ಅನ್ನುವ ನಂಬಿಕೆ ಇದ್ದರೆ ಕೊಡುವಂತಿಲ್ಲ. ಒಪ್ಪಿಗೆ ಕೊಡುವವರು ಸತ್ತವರಿಗೆ ಏನೂ ಆಗಬೇಕಾದವರಲ್ಲ. ಇಡೀ ಕಾಯ್ದೆಯಲ್ಲಿ ಮನಸ್ಸಿಗೆ ಒಪ್ಪದ ವಿನಾಯಿತಿ ಇದು. ಸಮಾಧಾನ ಅಂದರೆ ಗಡಿಯಾರವೇ ಇದಕ್ಕೆ ಬೀಗ ಹಾಕಿದೆ: ಕಾರ್ನಿಯಾಕ್ಕೆ ಸಿಗುವುದು 6 ಗಂಟೆ, ಹೊರತೆಗೆದ ಹೃದಯಕ್ಕೆ ಸುಮಾರು 4 ಗಂಟೆ. 48 ಗಂಟೆ ಕಾದ ಮೇಲೆ ಉಪಯೋಗಕ್ಕೆ ಬರುವಂಥದ್ದು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಚಿಕಿತ್ಸೆಗಲ್ಲದೆ ತೆಗೆಯಬಾರದು ಅಂದ ಮೇಲೆ ಮೆಡಿಕಲ್ ಕಾಲೇಜಿಗೆ ದೇಹದಾನ ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. ಅದರ ದಾರಿಯೇ ಬೇರೆ, ಅದು ಕರ್ನಾಟಕದ 1957ರ ಅಂಗರಚನಾಶಾಸ್ತ್ರ ಕಾಯ್ದೆಯ ವ್ಯಾಪ್ತಿ. ಕಸಿ ಕಾಯ್ದೆಯ 8ನೇ ಕಲಂ, ಈ ಕಾಯ್ದೆ ಇಲ್ಲದಿದ್ದರೂ ಯಾವುದು ಕಾನೂನುಬದ್ಧವೋ ಅದನ್ನು ನಾವು ಮುಟ್ಟುವುದಿಲ್ಲ ಅಂತ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದೆ. ಕಣ್ಣು ಕೊಟ್ಟ ಮೇಲೂ ಕಾಲೇಜುಗಳು ಸಾಮಾನ್ಯವಾಗಿ ದೇಹವನ್ನು ತೆಗೆದುಕೊಳ್ಳುತ್ತವೆ. ಅಂಗಾಂಗ ತೆಗೆದಿದ್ದರೆ ಅಥವಾ ಪೋಸ್ಟ್‌ಮಾರ್ಟಂ ಆಗಿದ್ದರೆ ಸಾಮಾನ್ಯವಾಗಿ ಇಲ್ಲ.

ಬಯೋಮೆಡಿಕಲ್ ವಿಭಾಗದವರಿಗೆ, ಹಾಗೇ ಪ್ರಾಜೆಕ್ಟಿಗೆ ಕ್ಯಾನ್ಸರ್ ಗಡ್ಡೆಯ ಸ್ಲೈಡ್ ಚಿತ್ರಗಳ ಮೇಲೆ ಮಾಡೆಲ್ ತರಬೇತಿ ಮಾಡುವ ಕಂಪ್ಯೂಟರ್ ಸೈನ್ಸ್‌ನವರಿಗೆ ಒಂದು ಮಾತು. ಆ ಸ್ಲೈಡಿನ ಮೇಲಿರುವುದು ಯಾರದ್ದೋ ದೇಹದ ಚೂರು, ಅವರ ಚಿಕಿತ್ಸೆಗಾಗಿ ತೆಗೆದು ಉಳಿದದ್ದು. ಅದನ್ನು ಸಂಶೋಧನೆಗೆ ಬಳಸುವುದು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಕೆಳಗೆ ಬರುತ್ತದೆ. ರೋಗಿಯ ಒಪ್ಪಿಗೆ ಬೇಕು ಅನ್ನುವುದು ನಿಯಮ. ಗುರುತು ಪೂರ್ತಿ ಅಳಿಸಿದ ಮಾದರಿಗಳಿಗೆ ಒಪ್ಪಿಗೆಯಿಂದ ವಿನಾಯಿತಿ ಸಿಗಬಹುದು. ಆದರೆ ಆ ವಿನಾಯಿತಿ ಕೊಡಬೇಕಾದ್ದು ಸಂಸ್ಥೆಯ ನೈತಿಕ ಸಮಿತಿ. ನಮ್ಮ ಗೈಡೂ ಅಲ್ಲ, ಪೆನ್‌ಡ್ರೈವಿನಲ್ಲಿ ಡೇಟಾ ಕೊಟ್ಟ ಸೀನಿಯರ್ರೂ ಅಲ್ಲ.

ಅಪಘಾತ, ಪೊಲೀಸು, ಮತ್ತು ಎರಡು ಸಹಿ

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರ ಮಿದುಳು ನಿಷ್ಕ್ರಿಯವಾಗಿದೆ ಅಂತ ವೈದ್ಯರು ಹೇಳಿದ ಮೇಲೆ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. ಕಾಯ್ದೆಯನ್ನು ಮೇಲಿಂದ ಮೇಲೆ ಓದಿದವರಿಗೆ ಇಲ್ಲೊಂದು ಗೊಂದಲ ಆಗುತ್ತದೆ. 4ನೇ ಕಲಂ ಪ್ರಕಾರ, ಪೊಲೀಸ್ ಮಹಜರು ಬೇಕಾಗಬಹುದಾದ ಸಾವಿನಲ್ಲಿ ಅಂಗಾಂಗ ತೆಗೆಯಲು ಒಪ್ಪಿಗೆ ಕೊಡುವಂತಿಲ್ಲ. ರಸ್ತೆ ಅಪಘಾತ ಅಂದರೆ ಮಹಜರು, ಪೋಸ್ಟ್‌ಮಾರ್ಟಂ ಎಲ್ಲ ಇದ್ದೇ ಇರುತ್ತದೆ. ಅಂಗಾಂಗ ಕೊಡುವ ಸ್ಥಿತಿಯಲ್ಲಿ ಸಾಯುವವರಲ್ಲಿ ಬಹಳಷ್ಟು ಜನ ತಲೆಗೆ ಪೆಟ್ಟಾದವರೇ. ಹಾಗಾದರೆ ಕೊಡುವವರು ಯಾರು ಉಳಿದರು?

ಉತ್ತರ 6ನೇ ಕಲಂನಲ್ಲಿದೆ. ಪೋಸ್ಟ್‌ಮಾರ್ಟಂ ಯಾವ ಉದ್ದೇಶಕ್ಕೋ ಅದಕ್ಕೆ ಆ ಅಂಗಾಂಗ ಬೇಕಾಗುವುದಿಲ್ಲ ಅಂತ ನಂಬಲು ಕಾರಣವಿದ್ದರೆ, ಸತ್ತವರು ಬದುಕಿದ್ದಾಗ ಬೇಡ ಅಂದಿರದಿದ್ದರೆ, ತೆಗೆಯಲು ಒಪ್ಪಿಗೆ ಕೊಡಬಹುದು. ತಲೆಯ ಪೆಟ್ಟಿನಿಂದ ಸಾವಾಗಿದ್ದರೆ ಕಿಡ್ನಿಯಲ್ಲಿ ಸಾಕ್ಷ್ಯವೇನೂ ಇರುವುದಿಲ್ಲ, ತರ್ಕ ಇಷ್ಟು ಸರಳ. ಇದು ನಡೆಯುವ ಬಗೆಯನ್ನು 2014ರ ನಿಯಮಗಳು ವಿವರವಾಗಿ ಹೇಳುತ್ತವೆ. ಒಪ್ಪಿಗೆ ಸಿಕ್ಕ ಮೇಲೆ ಆಸ್ಪತ್ರೆಯ ವೈದ್ಯರು ಆ ಪ್ರದೇಶದ ಪೊಲೀಸ್ ಅಧಿಕಾರಿಗೆ ಕೋರಿಕೆ ಬರೆಯಬೇಕು, ಒಂದು ಪ್ರತಿ ಪೋಸ್ಟ್‌ಮಾರ್ಟಂ ಮಾಡುವ ವೈದ್ಯರಿಗೆ ಹೋಗಬೇಕು. ಸಾಧ್ಯವಾದರೆ ಅವರೂ, ಆಫೀಸ್ ಟೈಮ್ ಮುಗಿದಿದ್ದರೂ ಸರಿ, ಅಂಗಾಂಗ ತೆಗೆಯುವಾಗ ಹಾಜರಿರಬೇಕು. ತೆಗೆದ ವೈದ್ಯರ ವರದಿ ಪೋಸ್ಟ್‌ಮಾರ್ಟಂ ಟಿಪ್ಪಣಿಯಲ್ಲಿ ಸೇರಬೇಕು. ಆಮೇಲೆ ಪೋಸ್ಟ್‌ಮಾರ್ಟಂ ಅನ್ನು ಆದ್ಯತೆಯ ಮೇಲೆ ಮುಗಿಸಿ ದೇಹವನ್ನು ಮನೆಯವರಿಗೆ ಬೇಗ ಒಪ್ಪಿಸಬೇಕು. ದೇಹವನ್ನು ಕಾಪಾಡಿದ್ದಕ್ಕೆ, ಅಂಗಾಂಗ ತೆಗೆದದ್ದಕ್ಕೆ ಆ ಮನೆಯವರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ.

‘ಮಿದುಳು ನಿಷ್ಕ್ರಿಯ’ ಅಂತ ಒಬ್ಬ ಡಾಕ್ಟರು ಹೇಳಿದರೆ ಸಾಕಾಗುವುದಿಲ್ಲ. ನಾಲ್ಕು ಜನರ ಮಂಡಳಿ ಬೇಕು: ಆಸ್ಪತ್ರೆಯ ಉಸ್ತುವಾರಿ ವೈದ್ಯರು, ಅನುಮೋದಿತ ಪಟ್ಟಿಯಿಂದ ಒಬ್ಬ ಸ್ವತಂತ್ರ ತಜ್ಞರು, ನರರೋಗ ಅಥವಾ ನರಶಸ್ತ್ರ ತಜ್ಞರು, ಚಿಕಿತ್ಸೆ ಕೊಡುತ್ತಿದ್ದವರು. ಪರೀಕ್ಷೆಗಳನ್ನು ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಮಾಡಬೇಕು. ನರತಜ್ಞರು ಸಿಗದ ಊರುಗಳಿಗಾಗಿ 2011ರಲ್ಲಿ ಒಂದು ವಿನಾಯಿತಿ ಬಂತು. ಅವರ ಬದಲು ಸರ್ಜನ್ ಅಥವಾ ಫಿಸಿಷಿಯನ್, ಜೊತೆಗೆ ಅರಿವಳಿಕೆ ಅಥವಾ ಐಸಿಯು ತಜ್ಞರು ಕೂರಬಹುದು, ಕಸಿ ಮಾಡುವ ತಂಡದವರು ಮಾತ್ರ ಆಗಿರಬಾರದು.

ಈಗ ಒಪ್ಪಿಗೆಯ ವಿಷಯ. ಐಸಿಯು ಹೊರಗೆ ಅಪ್ಪ ಅಮ್ಮ ಕೂತಿರುತ್ತಾರೆ. ಒಳಗೆ ಮಗನ ಎದೆ ವೆಂಟಿಲೇಟರಿನಿಂದ ಏರಿ ಇಳಿಯುತ್ತಿರುತ್ತದೆ, ಕೈ ಮುಟ್ಟಿದರೆ ಬೆಚ್ಚಗಿರುತ್ತದೆ. ಆಗ ಕಸಿ ಸಂಯೋಜಕರು ಬಂದು ಕೇಳುತ್ತಾರೆ. ಹಾಗೆ ಕೇಳುವುದು ಅವರ ಒರಟುತನವಲ್ಲ, 2011ರಿಂದ ಅದು ಆಸ್ಪತ್ರೆಯ ಕಾನೂನುಬದ್ಧ ಕರ್ತವ್ಯ. ಮಗ ಮೊದಲೇ ಒಪ್ಪಿಗೆ ಬರೆದಿಟ್ಟಿದ್ದರೆ, 3ನೇ ಕಲಂ ಪ್ರಕಾರ ದೇಹದ ಹೊಣೆ ಹೊತ್ತವರು ಅನುವು ಮಾಡಿಕೊಡಲೇಬೇಕು. ಅವನು ಆಮೇಲೆ ಮನಸ್ಸು ಬದಲಿಸಿದ್ದ ಅಂತ ನಂಬಲು ಕಾರಣವಿದ್ದರೆ ಮಾತ್ರ ಇಲ್ಲ. ಏನೂ ಬರೆದಿರದಿದ್ದರೆ, ಬೇಡ ಅಂತಲೂ ಹೇಳಿರದಿದ್ದರೆ, ಹತ್ತಿರದ ಬಂಧುಗಳಲ್ಲಿ ಯಾರದ್ದೂ ತಕರಾರಿಲ್ಲದಿದ್ದರೆ ಮನೆಯವರು ಒಪ್ಪಬಹುದು. 18 ತುಂಬಿರದಿದ್ದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಒಪ್ಪಬಹುದು. ಫಸ್ಟ್ ಸೆಮ್‌ನ 17ರ ಹುಡುಗರೇ, ನಿಮ್ಮ ಕಾರ್ಡ್ ಇನ್ನೂ ಲೆಕ್ಕಕ್ಕಿಲ್ಲ.

ಕಾಯ್ದೆಯ ಅಕ್ಷರ ಹೀಗಿದ್ದರೂ ನಡೆಯುವುದು ಬೇರೆ. ಕಾರ್ಡ್ ಇದ್ದರೂ ಮನೆಯವರು ಬೇಡ ಅಂದರೆ ಆಸ್ಪತ್ರೆಗಳು ಮುಂದುವರಿಯುವುದಿಲ್ಲ. ಅಳುತ್ತಿರುವ ಅಮ್ಮನ ಎದುರು ಕಲಂ ಸಂಖ್ಯೆ ಹೇಳುವ ಡಾಕ್ಟರು ನಮಗೂ ಬೇಡ. ಆದರೆ ಅದರ ಅರ್ಥ, ತೀರ್ಮಾನ ಆಗುವುದು ಆ ಕೆಲವೇ ಗಂಟೆಗಳಲ್ಲಿ, ಆ ಬೆಂಚಿನ ಮೇಲೆ. ‘ಅವನು ಇದರ ಬಗ್ಗೆ ಒಂದು ಸಲ ಹೇಳಿದ್ದ’ ಅನ್ನುವ ನೆನಪು ಅವರಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ.

ಶಿಬಿರದಲ್ಲಿ ಸಹಿ ಹಾಕಿದವರು ಇನ್ನೊಂದನ್ನು ಗಮನಿಸಿ. 3ನೇ ಕಲಂ ಕೇಳುವ ಲಿಖಿತ ಒಪ್ಪಿಗೆಗೆ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಕನಿಷ್ಠ ಒಬ್ಬರು ಹತ್ತಿರದ ಬಂಧು ಆಗಿರಬೇಕು. ಎರಡೂ ಸಾಲಿನಲ್ಲಿ ರೂಮ್‌ಮೇಟ್‌ಗಳ ಸಹಿ ಇದ್ದರೆ ಆಗಲಿಲ್ಲ. ಇದಕ್ಕಿರುವ ನಮೂನೆ ಫಾರ್ಮ್ 7. ಒಂದು ಸಹಿಯನ್ನು ಹಾಸ್ಟೆಲಿನಲ್ಲೇ ಹಾಕಿಸಿಕೊಳ್ಳಿ. ಇನ್ನೊಂದಕ್ಕೆ ಮುಂದಿನ ಸಲ ಊರಿಗೆ ಹೋಗುವಾಗ ಫಾರ್ಮನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಊಟ ಮುಗಿದ ಮೇಲೆ ತೆಗೆಯಿರಿ.